ಯಂತ್ರ ಬಂತು, ಪಾಠ ಬರಲಿಲ್ಲ

ಲಕ್ವ ಹೊಡೆದ ಕೈಯಿಂದ ಫಿಸಿಯೋಥೆರಪಿಸ್ಟ್ ಒಂದು ಬಾರಿಯ ಚಿಕಿತ್ಸೆಯಲ್ಲಿ ಎಷ್ಟು ಸಲ ಕೆಲಸ ಮಾಡಿಸುತ್ತಾರೆ? ಕ್ಯಾಥರೀನ್ ಲ್ಯಾಂಗ್ ಮತ್ತು ಸಂಗಡಿಗರು ಅಮೆರಿಕ, ಕೆನಡಾಗಳ ಏಳು ಕೇಂದ್ರಗಳಲ್ಲಿ 312 ಚಿಕಿತ್ಸಾ ಅವಧಿಗಳನ್ನು ಗಮನಿಸಿ, ಒಂದೊಂದು ಚಲನೆಯನ್ನೂ ಎಣಿಸಿ, 2009ರಲ್ಲಿ ಉತ್ತರ ಕೊಟ್ಟರು. ಲೋಟ ಹಿಡಿಯುವಂಥ, ಬಟ್ಟೆ ಮಡಚುವಂಥ ಬಳಕೆಯ ಚಲನೆಗಳು ಸರಾಸರಿ 32. ಪೆಟ್ಟು ಬಿದ್ದ ಮಿದುಳು ಅಭ್ಯಾಸದಿಂದ ಹೊಸ ದಾರಿ ಮಾಡಿಕೊಳ್ಳುತ್ತದೆ ಎಂದು ತೋರಿಸಿದ ಪ್ರಾಣಿ ಪ್ರಯೋಗಗಳಲ್ಲಾದರೋ ಈ ಲೆಕ್ಕ ದಿನಕ್ಕೆ ನೂರಾರು.

ಸಾಧನ, ಸಲಕರಣೆ, ಸಿಬ್ಬಂದಿ ಎಲ್ಲವೂ ಇದ್ದ ಕಡೆಯೇ ಹೀಗೆ. ಒಬ್ಬರೇ ಫಿಸಿಯೋಥೆರಪಿಸ್ಟ್ ಬೆಳಿಗ್ಗೆಯಿಂದ ಮಂಡಿನೋವು, ಸೊಂಟನೋವು, ಮುರಿದ ಮೂಳೆ, ಲಕ್ವ ಎಲ್ಲವನ್ನೂ ನೋಡಬೇಕಾದ ಆಸ್ಪತ್ರೆಯಲ್ಲಿ ಆ ಸಂಖ್ಯೆ ಎಷ್ಟಕ್ಕೆ ಇಳಿಯಬಹುದು ಎಂದು ಊಹಿಸುವುದು ಕಷ್ಟವಲ್ಲ. ದಣಿಯದೆ ಸಾವಿರ ಸಲ ಅದೇ ಚಲನೆ ಮಾಡಿಸಬಲ್ಲ ಯಂತ್ರ ಇದ್ದರೆ ಎಂಬ ಆಸೆ ಹುಟ್ಟಿದ್ದೇ ಇಂಥ ಕೊರತೆಯಿಂದ. ನೆವಿಲ್ ಹೋಗನ್ ಮತ್ತು ಹರ್ಮಾನೊ ಇಗೊ ಕ್ರೆಬ್ಸ್ ಅಮೆರಿಕದ ಎಂಐಟಿಯಲ್ಲಿ ರೂಪಿಸಿದ 'ಎಂಐಟಿ-ಮೇನಸ್' ರೋಬೋಟ್ ತೋಳು ತೊಂಬತ್ತರ ದಶಕದಲ್ಲೇ ರೋಗಿಗಳ ಕೈ ಹಿಡಿಯಿತು. ಸ್ವಿಟ್ಜರ್‌ಲೆಂಡಿನಿಂದ ಬಂದ 'ಲೋಕೋಮ್ಯಾಟ್' ರೋಗಿಯನ್ನು ಪಟ್ಟಿಯಲ್ಲಿ ತೂಗಿಹಾಕಿ ಟ್ರೆಡ್‌ಮಿಲ್ ಮೇಲೆ ನಡೆಸಿತು. ಆಮೇಲೆ ವರ್ಚುವಲ್ ರಿಯಾಲಿಟಿ ಕನ್ನಡಕ, ಮಿದುಳಿನ ಸಂಕೇತ ಓದುವ ಟೋಪಿ, ಬೆನ್ನುಹುರಿಗೆ ವಿದ್ಯುತ್ ಕೊಡುವ ಸಾಧನ ಎಲ್ಲವೂ ಸಾಲುಗಟ್ಟಿದವು. ನಮ್ಮ ದೊಡ್ಡ ಊರುಗಳ ಖಾಸಗಿ ಆಸ್ಪತ್ರೆಗಳೂ ಈಗ ಇಂಥ ಯಂತ್ರದ ಚಿತ್ರ ಹಾಕಿ ಜಾಹೀರಾತು ಕೊಡುತ್ತವೆ.

ಯಂತ್ರ ಕೊಳ್ಳುವುದಕ್ಕೆ ಹಣ ಹೇಗೋ ಹೊಂದುತ್ತದೆ. ಯಾವ ರೋಗಿಗೆ ಬೇಕು, ಯಾವಾಗ ಬೇಕು, ಎಷ್ಟು ಬೇಕು, ಯಾವಾಗ ನಿಲ್ಲಿಸಬೇಕು ಎಂದು ತೀರ್ಮಾನಿಸುವವರ ಶಿಕ್ಷಣಕ್ಕೆ ಹಾಗೆ ಹಣ ತೆಗೆದಿಡುವವರು ಅಪರೂಪ. ಈ ಕ್ಷೇತ್ರದ ಇಪ್ಪತ್ತು ವರ್ಷಗಳ ಫಲಿತಾಂಶಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಫಲ ಕೊಟ್ಟಿದ್ದರಲ್ಲೂ ಕೊಡದಿದ್ದರಲ್ಲೂ ಯಂತ್ರಕ್ಕಿಂತ ಅದರ ಪಕ್ಕದಲ್ಲಿ ನಿಂತವರ ತಿಳಿವಳಿಕೆಯ ಪಾಲು ದೊಡ್ಡದು. ಸರ್ಕಾರವಾಗಲಿ, ಆಸ್ಪತ್ರೆಯಾಗಲಿ ಮೊದಲ ರೂಪಾಯಿಯನ್ನು ಆ ತಿಳಿವಳಿಕೆಗೆ ಖರ್ಚು ಮಾಡಬೇಕು.

ಬ್ರಿಟನ್ನಿನ 'ರ‍್ಯಾಟಲ್ಸ್' ಪರೀಕ್ಷೆಯನ್ನೇ ನೋಡಿ. ಲಕ್ವದಿಂದ ತೋಳಿನ ಶಕ್ತಿ ಕಳೆದುಕೊಂಡ 770 ಮಂದಿಯನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಎಂಐಟಿ-ಮೇನಸ್ ರೋಬೋಟ್, ಇನ್ನೊಂದಕ್ಕೆ ಅಷ್ಟೇ ಹೊತ್ತು ಥೆರಪಿಸ್ಟ್ ಮಾಡಿಸುವ ಅಭ್ಯಾಸ, ಮೂರನೆಯದಕ್ಕೆ ಎಂದಿನ ಚಿಕಿತ್ಸೆ. ವಾರಕ್ಕೆ ಮೂರು ದಿನ, ದಿನಕ್ಕೆ 45 ನಿಮಿಷ, 12 ವಾರ. 2019ರಲ್ಲಿ 'ಲ್ಯಾನ್ಸೆಟ್' ಪ್ರಕಟಿಸಿದ ಫಲಿತಾಂಶದ ಪ್ರಕಾರ ಕೈಯ ಬಳಕೆಯಲ್ಲಿ ನಿಗದಿತ ಸುಧಾರಣೆ ಕಂಡವರು ರೋಬೋಟ್ ಗುಂಪಿನಲ್ಲಿ ಶೇ 44, ಥೆರಪಿಸ್ಟ್ ಗುಂಪಿನಲ್ಲಿ ಶೇ 50, ಎಂದಿನ ಚಿಕಿತ್ಸೆಯಲ್ಲಿ ಶೇ 42. ಕೈಯ ಬಳಕೆಯ ಮಟ್ಟಿಗೆ ರೋಬೋಟ್ ಎಂದಿನ ಚಿಕಿತ್ಸೆಯನ್ನು ಮೀರಿಸಿತು ಎನ್ನುವಷ್ಟು ವ್ಯತ್ಯಾಸ ಇದಲ್ಲ. ತೋಳಿನ ಬಿಡಿಬಿಡಿ ಚಲನೆ ಅಳೆಯುವ ಪರೀಕ್ಷೆಯಲ್ಲಿ ರೋಬೋಟ್ ಗುಂಪು ಎಂದಿನ ಚಿಕಿತ್ಸೆಗಿಂತ ಮುಂದಿತ್ತು, ನಿಜ. ಆದರೆ ಆ ಗಳಿಕೆ ತುತ್ತು ಎತ್ತುವ, ಗುಂಡಿ ಹಾಕುವ ಕೆಲಸದವರೆಗೆ ಬಂದು ಮುಟ್ಟಲಿಲ್ಲ.

ಹಾಗಾದರೆ ರೋಬೋಟ್ ದಂಡವೇ? ಹಾಗೆ ಹೇಳಿಬಿಡುವುದೂ ಅರ್ಧ ಓದಿದವರ ಮಾತಾಗುತ್ತದೆ. ನಡಿಗೆಯ ಯಂತ್ರಗಳ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ತೂಗಿದ ಕಾಕ್ರೇನ್ ವಿಮರ್ಶೆ ಬೇರೆ ಚಿತ್ರ ಕೊಡುತ್ತದೆ. ಲಕ್ವ ಹೊಡೆದ ಮೊದಲ ಮೂರು ತಿಂಗಳಲ್ಲಿ, ಇನ್ನೂ ಎದ್ದು ನಡೆಯಲಾರದ ಸ್ಥಿತಿಯಲ್ಲಿ ಇರುವವರಿಗೆ ಫಿಸಿಯೋಥೆರಪಿಯ ಜೊತೆಗೆ ಯಂತ್ರ ಬಳಸಿದರೆ ಹೆಚ್ಚಿನ ಪ್ರಯೋಜನ. ವರ್ಷ ಕಳೆದು ಕೋಲೂರಿ ಓಡಾಡುತ್ತಿರುವವರಿಗೆ ಆ ಮಟ್ಟದ ಲಾಭ ಕಾಣುವುದಿಲ್ಲ. ಈ ಒಂದು ಮಾತು ಗೊತ್ತಿರುವ ಥೆರಪಿಸ್ಟ್ ಯಂತ್ರದ ಸರದಿಯಲ್ಲಿ ಯಾರನ್ನು ಮುಂದೆ ಕೂರಿಸಬೇಕೆಂದು ತಿಳಿಯುತ್ತಾರೆ. ಗೊತ್ತಿಲ್ಲದ ಕಡೆ ದುಡ್ಡಿದ್ದವರು ಮುಂದೆ ಬರುತ್ತಾರೆ, ಬೇಕಾದವರಿಗೆ ಆ ಮೂರು ತಿಂಗಳು ಮುಗಿದುಹೋಗಿರುತ್ತದೆ.

ಕೆನಡಾದ ಗುಸ್ತಾವೊ ಸಪೋಸ್ನಿಕ್ ತಂಡ 2016ರಲ್ಲಿ ಪ್ರಕಟಿಸಿದ ಪರೀಕ್ಷೆಯನ್ನಂತೂ ಪ್ರತಿ ಫಿಸಿಯೋಥೆರಪಿ ಕಾಲೇಜಿನಲ್ಲೂ ಓದಿಸಬೇಕು. 141 ರೋಗಿಗಳಲ್ಲಿ ಕೆಲವರಿಗೆ ಕೈಯಾಡಿಸಿ ಆಡುವ ವಿಡಿಯೋ ಗೇಮ್ ಕೊಟ್ಟರು. ಉಳಿದವರಿಗೆ ಕೊಟ್ಟದ್ದು ಇಸ್ಪೀಟು, ಬಿಂಗೊ, ಮರದ ತುಂಡು ಪೇರಿಸುವ ಆಟ. ಕೊನೆಗೆ ಎರಡೂ ಗುಂಪಿನ ಕೈಗಳು ಹೆಚ್ಚುಕಡಿಮೆ ಒಂದೇ ಮಟ್ಟ ಮುಟ್ಟಿದವು. ಹಳ್ಳಿಯ ಜಗಲಿಯಲ್ಲಿ ಕೂತು ಚೌಕಾಬಾರದ ಕಾಯಿ ನಡೆಸುವ ಅಜ್ಜಿಗೆ, ಬಿದ್ದ ಕೈಯಲ್ಲೇ ಆ ಕವಡೆ ಹಾಕಿಸುವಂತೆ ಮನೆಯವರಿಗೆ ಹೇಳಿಕೊಡಬಲ್ಲ ಫಿಸಿಯೋ ಇದ್ದರೆ ಎಷ್ಟು ಮನೆಗಳ ಹಣ ಉಳಿಯುತ್ತದೆ!

ಉತ್ಸಾಹ ಒಂದೇ ಇದ್ದರೆ ರೋಗಿಗೆ ಹಾನಿಯೂ ಆಗಬಹುದು. 'ಬೇಗ ಎಬ್ಬಿಸಿ, ಬೇಗ ನಡೆಸಿ' ಎನ್ನುವುದು ಎಲ್ಲರೂ ಒಪ್ಪಿದ್ದ ಮಾತಾಗಿತ್ತು. ಆಸ್ಟ್ರೇಲಿಯಾದ ಜೂಲಿ ಬರ್ನ್‌ಹಾರ್ಟ್ ನೇತೃತ್ವದ 'ಅವರ್ಟ್' ಪರೀಕ್ಷೆ ಐದು ದೇಶಗಳ 2,104 ರೋಗಿಗಳಲ್ಲಿ ಅದನ್ನು ಒರೆಗೆ ಹಚ್ಚಿತು. ಮೊದಲ 24 ಗಂಟೆಯೊಳಗೇ ಹೆಚ್ಚು ಹೊತ್ತು, ಹೆಚ್ಚು ಸಲ ಎಬ್ಬಿಸಿ ನಡೆಸಿದವರಲ್ಲಿ ಮೂರು ತಿಂಗಳ ನಂತರ ಚೆನ್ನಾಗಿದ್ದವರು ಶೇ 46. ಎಂದಿನಂತೆ ನೋಡಿಕೊಂಡ ಗುಂಪಿನಲ್ಲಿ ಶೇ 50. 2015ರಲ್ಲಿ ಇದು ಪ್ರಕಟವಾದ ಮೇಲೆ ಚಿಕಿತ್ಸೆಯ ಮಾರ್ಗಸೂಚಿಗಳೇ ಬದಲಾದವು. ಲಕ್ವ ಹೊಡೆದ ಮರುದಿನ ರೋಗಿಯನ್ನು ಎಬ್ಬಿಸಿ ಕೂರಿಸುವುದು ವಾರ್ಡಿನ ನರ್ಸ್. ಹೊಸ ತಿಳಿವಳಿಕೆ ಅವರನ್ನು ಮುಟ್ಟದೆ ನರರೋಗ ತಜ್ಞರ ಸಮ್ಮೇಳನದಲ್ಲೇ ಉಳಿದರೆ ರೋಗಿಗೆ ಬಂದ ಭಾಗ್ಯವೇನು?

ಇನ್ನು ನಿಜಕ್ಕೂ ಹೊಸದಾದ ಸಾಧನಗಳ ಮಾತು. ಕತ್ತಿನ ವೇಗಸ್ ನರಕ್ಕೆ ತಂತಿ ಸುತ್ತಿ, ಎದೆಯ ಚರ್ಮದಡಿ ಸಣ್ಣ ಯಂತ್ರ ಇಟ್ಟು, ರೋಗಿ ಕೈ ಎತ್ತಲು ಯತ್ನಿಸುವ ಹೊತ್ತಿಗೆ ಸರಿಯಾಗಿ ಮಿಡಿತ ಕೊಡುವ 'ವಿವಿಸ್ಟಿಮ್' ಸಾಧನಕ್ಕೆ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅದಕ್ಕೆ ಆಧಾರವಾದ ಪರೀಕ್ಷೆಯಲ್ಲಿ ಲಕ್ವವಾಗಿ ಒಂಬತ್ತು ತಿಂಗಳಾದರೂ ಕಳೆದಿದ್ದ 108 ಮಂದಿ ಇದ್ದರು. ಮಿಡಿತ ಪಡೆದವರಲ್ಲಿ ಗುರುತಿಸುವಷ್ಟು ಸುಧಾರಣೆ ಕಂಡವರು ಶೇ 47, ಹುಸಿ ಮಿಡಿತ ಪಡೆದವರಲ್ಲಿ ಶೇ 24. ದೊಡ್ಡ ಸುದ್ದಿಯೇ. ಆದರೆ ಆ ರೋಗಿಗಳು ಆರು ವಾರ, ವಾರಕ್ಕೆ ಮೂರು ದಿನ, ಪ್ರತಿ ಸಲ 300ಕ್ಕೂ ಹೆಚ್ಚು ಬಾರಿ ಕೈಯಿಂದ ಕೆಲಸ ಮಾಡಿದ್ದರು ಎಂಬುದನ್ನು ಬಿಟ್ಟು ಸುದ್ದಿ ಹೇಳಿದರೆ ಅದು ಅರ್ಧ ಸತ್ಯ. ಸಾಧನವನ್ನು ಶಸ್ತ್ರಚಿಕಿತ್ಸಕರು ಒಂದು ದಿನದಲ್ಲಿ ಕೂರಿಸುತ್ತಾರೆ. ಆ ಮುನ್ನೂರು ಚಲನೆ ಮಾಡಿಸಲು ಗೊತ್ತಿರುವ ಥೆರಪಿಸ್ಟ್ ತಯಾರಾಗಲು ವರ್ಷಗಳು ಬೇಕು.

ಬೆನ್ನುಹುರಿಯ ಪೆಟ್ಟಿನ ವಿಷಯದಲ್ಲೂ ಇದೇ ಕಥೆ. ಸ್ವಿಟ್ಜರ್‌ಲೆಂಡಿನ ಲೊಸಾನ್‌ನಲ್ಲಿ ಗ್ರೆಗ್ವಾರ್ ಕೊರ್ಟೀನ್ ಮತ್ತು ಜೋಸೆಲಿನ್ ಬ್ಲಾಕ್ ತಂಡ 2023ರಲ್ಲಿ ನೆದರ್ಲೆಂಡ್ಸ್‌ನ ವ್ಯಕ್ತಿಯೊಬ್ಬರ ಮಿದುಳಿನ ಸಂಕೇತವನ್ನು ನೇರವಾಗಿ ಬೆನ್ನುಹುರಿಗೆ ತಲುಪಿಸಿ ಅವರನ್ನು ನಡೆಸಿತು. ಚರ್ಮದ ಮೇಲಿಂದಲೇ ಕತ್ತಿನ ಬೆನ್ನುಹುರಿಗೆ ವಿದ್ಯುತ್ ಕೊಟ್ಟು ಕೈಗಳಿಗೆ ಶಕ್ತಿ ತರುವ ಸಾಧನವೊಂದಕ್ಕೆ ಎಫ್‌ಡಿಎ 2024ರ ಡಿಸೆಂಬರ್‌ನಲ್ಲಿ ಹಸಿರು ನಿಶಾನೆ ತೋರಿತು. ಇಂಥ ವಿಡಿಯೋಗಳು ಮರುದಿನವೇ ವಾಟ್ಸ್‌ಆ್ಯಪ್‌ನಲ್ಲಿ ಊರೂರು ಸುತ್ತುತ್ತವೆ. ತೆಂಗಿನಮರದಿಂದ ಬಿದ್ದು ಹಾಸಿಗೆ ಹಿಡಿದ ಮಗನ ತಂದೆ ಅದನ್ನು ಹಿಡಿದುಕೊಂಡು ವೈದ್ಯರ ಮುಂದೆ ನಿಲ್ಲುತ್ತಾರೆ. ಆ ತಂದೆಗೆ ನಿಜ ಹೇಳುವುದಕ್ಕೆ ವೈದ್ಯರಿಗೆ ವಿಷಯ ಗೊತ್ತಿರಬೇಕು. ನಡೆದಾತನ ಪೆಟ್ಟು ಪೂರ್ತಿಯೋ ಅರ್ಧವೋ, ಹಿಂದೆ ಎಷ್ಟು ವರ್ಷದ ತರಬೇತಿ ಇತ್ತು, ಈ ಮಗನ ಪೆಟ್ಟು ಯಾವ ಮಟ್ಟದ್ದು, ಅದೇ ಸಾಧನ ಸಿಗದಿದ್ದರೂ ಈಗಲೇ ಮಾಡಬಹುದಾದದ್ದು ಏನು ಎಂದು ಬಿಡಿಸಿ ಹೇಳಲು ಬಾರದ ವೈದ್ಯರು 'ಅದೆಲ್ಲ ಇಲ್ಲಿ ಆಗಲ್ಲ' ಎಂದುಬಿಡುತ್ತಾರೆ.

ಹಾಗೆ ಕೈಬಿಟ್ಟ ಕುಟುಂಬವನ್ನು ಹಿಡಿದುಕೊಳ್ಳಲು ಬೇರೆಯವರು ಕಾದಿರುತ್ತಾರೆ. ಬೆನ್ನುಹುರಿ ಪೆಟ್ಟಿಗೆ, ಸೆರೆಬ್ರಲ್ ಪಾಲ್ಸಿಗೆ ಸ್ಟೆಮ್ ಸೆಲ್ ಚುಚ್ಚುಮದ್ದು ಮಾರುವವರು ದೇಶದಲ್ಲಿ ಇದ್ದಾರೆ. ರಕ್ತಕ್ಕೆ ಸಂಬಂಧಿಸಿದ ನಿಗದಿತ ಕಾಯಿಲೆಗಳನ್ನು ಬಿಟ್ಟರೆ, ಒಪ್ಪಿಗೆ ಪಡೆದ ಪ್ರಯೋಗದ ಹೊರಗೆ ರೋಗಿಗಳಿಗೆ ಸ್ಟೆಮ್ ಸೆಲ್ ಕೊಡುವುದು ಅನೈತಿಕ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರ ಮಾರ್ಗಸೂಚಿಯಲ್ಲಿಯೇ ಹೇಳಿದೆ. ಹೊಲ ಅಡವಿಟ್ಟು ಲಕ್ಷಗಟ್ಟಲೆ ಕಟ್ಟಲು ಹೊರಟ ಕುಟುಂಬಕ್ಕೆ ಈ ಒಂದು ವಾಕ್ಯ ಹೇಳಬೇಕಾದವರು ಅವರನ್ನು ವಾರವಾರ ನೋಡುವ ಫಿಸಿಯೋಥೆರಪಿಸ್ಟ್, ತಾಲ್ಲೂಕು ಆಸ್ಪತ್ರೆಯ ವೈದ್ಯಾಧಿಕಾರಿ. ಹೊಸ ತಂತ್ರಜ್ಞಾನದ ಶಿಕ್ಷಣ ಎಂದರೆ ಯಾವುದಕ್ಕೆ ಬೇಡ ಎನ್ನಬೇಕು ಎಂಬುದರ ಶಿಕ್ಷಣವೂ ಹೌದು.

ಈಗ ಈ ಪಾಠ ಹೇಳುತ್ತಿರುವವರು ಯಾರು? ಬಹುಪಾಲು ಯಂತ್ರ ಮಾರಿದ ಕಂಪನಿಗಳೇ. ಯಂತ್ರ ಕೂರಿಸಿ, ಗುಂಡಿ ಒತ್ತುವುದನ್ನು, ಪಟ್ಟಿ ಬಿಗಿಯುವುದನ್ನು ತೋರಿಸಿ ಪ್ರಮಾಣಪತ್ರ ಕೊಟ್ಟು ಹೋಗುತ್ತಾರೆ. ಅವರ ಕೆಲಸ ಅಷ್ಟೇ, ಅದರಲ್ಲಿ ತಪ್ಪಿಲ್ಲ. ಆದರೆ ಈ ಯಂತ್ರ ಯಾರಿಗೆ ಬೇಡ ಎಂದು ಮಾರುವವರಿಂದ ಕಲಿಯಲು ಸಾಧ್ಯವಿಲ್ಲ. ಅದನ್ನು ಕಲಿಸಬೇಕಾದದ್ದು ಕಾಲೇಜು. ನಾಲ್ಕೂವರೆ ವರ್ಷಗಳ ಕೋರ್ಸಾಗಿ ಬೆಳೆದುಬಂದ ಫಿಸಿಯೋಥೆರಪಿ ಪದವಿ ಬಿಪಿಟಿಗೆ 'ರೋಬೋಟಿಕ್ಸ್' ಎಂಬ ಒಂದು ಅಧ್ಯಾಯ ಅಂಟಿಸಿದರೆ ಸಾಲದು. ಮೇಲೆ ಹೇಳಿದಂಥ ಪರೀಕ್ಷೆಗಳ ವರದಿ ಓದುವುದನ್ನು, ಪ್ರಶ್ನಿಸುವುದನ್ನು ಅಂತಿಮ ವರ್ಷದ ಪ್ರಾಯೋಗಿಕ ಪರೀಕ್ಷೆಯಲ್ಲೇ ಕೇಳಬೇಕು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯ ಮನಸ್ಸು ಮಾಡಿದರೆ ಅದಕ್ಕೆ ಹೊಸ ಕಟ್ಟಡ ಬೇಡ, ಹೊಸ ಯಂತ್ರವೂ ಬೇಡ.

ವೈದ್ಯಕೀಯ ಶಿಕ್ಷಣದ ಸ್ಥಿತಿ ಇನ್ನೂ ಕಳವಳದ್ದು. ಪುನಶ್ಚೇತನವೇ ಕಸುಬಾದ ಪಿಎಂಆರ್ ವಿಭಾಗವನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರಲ್ಲಿ ಹೊಸ ಕಾಲೇಜುಗಳಿಗೆ ಕಡ್ಡಾಯವಾದ ವಿಭಾಗಗಳ ಪಟ್ಟಿಯಿಂದ ಕೈಬಿಟ್ಟಿತು. ಲಕ್ವದ ರೋಗಿ ಬದುಕುಳಿದ ಮೇಲೆ ಅವರ ಬದುಕು ಹೇಗಿರುತ್ತದೆ ಎಂಬುದನ್ನು ಹತ್ತಿರದಿಂದ ನೋಡದೆಯೇ ಎಂಬಿಬಿಎಸ್ ಮುಗಿಸುವ ದಾರಿ ಇದರಿಂದ ಅಗಲವಾಗುತ್ತದೆ. ಭಾರತದಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಮಂದಿಗೆ ಹೊಸದಾಗಿ ಲಕ್ವ ಹೊಡೆಯುತ್ತದೆ. ಹಲವು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಹತ್ತು ಲಕ್ಷ ಜನಕ್ಕೆ ಹತ್ತು ಮಂದಿ ನುರಿತ ಪುನಶ್ಚೇತನ ಸಿಬ್ಬಂದಿಯೂ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇಂಥ ಹೊತ್ತಿನಲ್ಲಿ ಆ ವಿಭಾಗವನ್ನು ಬೆಳೆಸಬೇಕಿತ್ತು.

ಶಿಕ್ಷಣದ ಬೆಲೆ ಎಲ್ಲಕ್ಕಿಂತ ಚೆನ್ನಾಗಿ ಗೊತ್ತಾಗುವುದು ಹಳೆಯ ಸಾಧನದಲ್ಲಿ. ಲಕ್ವದವರಿಗೆ 'ಕರೆಂಟ್ ಇಡುವ' ಪುಟ್ಟ ಪೆಟ್ಟಿಗೆ ಈಗ ಸಣ್ಣ ಊರಿನ ಕ್ಲಿನಿಕ್‌ಗಳಲ್ಲೂ ಇದೆ. ರೋಗಿಯನ್ನು ಮಲಗಿಸಿ, ಕೈಗೆ ಪ್ಯಾಡ್ ಅಂಟಿಸಿ, ಹದಿನೈದು ನಿಮಿಷಕ್ಕೆ ಗಡಿಯಾರ ತಿರುಗಿಸಿ ಇನ್ನೊಬ್ಬ ರೋಗಿಯತ್ತ ಹೋಗುವುದು ಒಂದು ಬಗೆ. ರೋಗಿ ಬೆರಳು ಬಿಚ್ಚಲು ತಾನೇ ಹೆಣಗುವ ಕ್ಷಣಕ್ಕೆ ಸರಿಯಾಗಿ ಕರೆಂಟ್ ಬರುವಂತೆ ಹೊಂದಿಸಿ, ಎದುರಿಗೆ ಲೋಟ ಇಟ್ಟು, ಹಿಡಿಸಿ, ಬಿಡಿಸಿ, ಮತ್ತೆ ಹಿಡಿಸುವುದು ಇನ್ನೊಂದು ಬಗೆ. ಪೆಟ್ಟಿಗೆ ಅದೇ, ಕರೆಂಟ್ ಅದೇ. ಮೊದಲನೆಯದರಲ್ಲಿ ಸ್ನಾಯು ಕುಣಿಯುತ್ತದೆ, ಮಿದುಳು ಸುಮ್ಮನಿರುತ್ತದೆ. ಎರಡನೆಯದರಲ್ಲಿ ಯತ್ನ, ಚಲನೆ, ಸ್ಪರ್ಶ ಮೂರೂ ಒಟ್ಟಿಗೆ ಮಿದುಳನ್ನು ಮುಟ್ಟುತ್ತವೆ. ಹಿಮ್ಮಡಿ ನೆಲ ಬಿಟ್ಟ ಕೂಡಲೇ ಕರೆಂಟ್ ಕೊಟ್ಟು ಜೋತುಬಿದ್ದ ಪಾದ ಎತ್ತಿಸುವ ಸಾಧನವನ್ನು ವ್ಲಾದಿಮಿರ್ ಲಿಬರ್ಸನ್ 1961ರಲ್ಲೇ ವಿವರಿಸಿದ್ದರು. ಅರವತ್ತು ವರ್ಷ ದಾಟಿದರೂ ಪಾದ ಎಳೆದುಕೊಂಡು ನಡೆಯುವ ಎಷ್ಟೋ ಜನರಿಗೆ ಅಂಥದ್ದೊಂದು ಇದೆ ಎಂದು ಯಾರೂ ಹೇಳಿಯೇ ಇಲ್ಲ. ಮುಂದುವರಿದ ತಂತ್ರಜ್ಞಾನದ ಕಾರ್ಯಾಗಾರಗಳು ಇಲ್ಲಿಂದ ಶುರುವಾಗಬೇಕು, ಈಗಾಗಲೇ ಮೇಜಿನ ಮೇಲಿರುವ ಪೆಟ್ಟಿಗೆಯಿಂದ.

ಬಳಸುವವರ ಮಾತು ಕೇಳುವುದನ್ನೂ ಕಲಿಸಬೇಕು. ಅಮೆರಿಕದಲ್ಲಿ 1993ರಲ್ಲಿ 227 ಅಂಗವಿಕಲರನ್ನು ವಿಚಾರಿಸಿದ ಅಧ್ಯಯನವೊಂದು, ಅವರಿಗೆ ಸಿಕ್ಕ ಸಾಧನಗಳಲ್ಲಿ ಶೇ 29.3ರಷ್ಟು ಮೂಲೆ ಸೇರಿದ್ದವು ಎಂದು ಕಂಡುಕೊಂಡಿತು. ಆಯ್ಕೆ ಮಾಡುವಾಗ ಬಳಸುವವರ ಅಭಿಪ್ರಾಯ ಕೇಳದಿದ್ದದ್ದು ಅದರ ಮುಖ್ಯ ಕಾರಣಗಳಲ್ಲಿ ಒಂದು. ಕೈಗಳ ಶಕ್ತಿ ಹೋದವರು ಮತ್ತೆ ವಸ್ತು ಹಿಡಿಯುವಂತೆ ಮಾಡುತ್ತಿದ್ದ 'ಫ್ರೀಹ್ಯಾಂಡ್' ಎಂಬ ಒಳಗೆ ಕೂರಿಸುವ ಸಾಧನಕ್ಕೆ 1997ರಲ್ಲಿ ಎಫ್‌ಡಿಎ ಒಪ್ಪಿಗೆ ಸಿಕ್ಕಿತ್ತು. ಸುಮಾರು 250 ಮಂದಿ ಅದನ್ನು ಹಾಕಿಸಿಕೊಂಡರು. 2001ರ ಹೊತ್ತಿಗೆ ಕಂಪನಿ ಆ ಮಾರುಕಟ್ಟೆಯಿಂದಲೇ ಹೊರಬಿತ್ತು. ಕೆಟ್ಟರೆ ರಿಪೇರಿ ಮಾಡುವವರು ಯಾರು, ಬಿಡಿಭಾಗ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಕೂಡ ಚಿಕಿತ್ಸೆಯ ಭಾಗ. ಇಂಥ ಪಾಠಕ್ಕೆ ಬೆನ್ನುಹುರಿ ಪೆಟ್ಟಿನಿಂದ ಗಾಲಿಕುರ್ಚಿಯಲ್ಲಿ ಬದುಕು ಕಟ್ಟಿಕೊಂಡವರೇ ಉತ್ತಮ ಗುರುಗಳು. ಎನ್.ಎಸ್. ಹೇಮಾ 1959ರಲ್ಲಿ ಬೆಂಗಳೂರಿನಲ್ಲಿ ಶುರುಮಾಡಿದ ಎಪಿಡಿ ಸಂಸ್ಥೆಯಂಥ ಕಡೆ ಅಂಥ ಅನುಭವ ದಶಕಗಳಿಂದ ಕೂಡಿಟ್ಟಿದೆ. ವೈದ್ಯಕೀಯ ವಿದ್ಯಾರ್ಥಿಗಳನ್ನು ಅಲ್ಲಿಗೆ ಕಳಿಸುವುದು ದುಬಾರಿ ಕೆಲಸವಲ್ಲ.

ನಮ್ಮ ನಡುವೆಯೇ ಹುಟ್ಟುತ್ತಿರುವ ಸಾಧನಗಳೂ ಇವೆ. ವೆಲ್ಲೂರಿನ ಸಿಎಂಸಿ ಮತ್ತು ಮದ್ರಾಸ್ ಐಐಟಿ ಸೇರಿ ರೂಪಿಸಿದ 'ಪ್ಲೂಟೊ' ಮೇಜಿನ ಮೇಲೆ ಇಟ್ಟು ಬಳಸಬಹುದಾದ, ಮಣಿಕಟ್ಟು ಮತ್ತು ಬೆರಳುಗಳ ರೋಬೋಟ್. ಇಂಥ ಸಾಧನಗಳು ವಿದೇಶಿ ಯಂತ್ರಗಳಿಗಿಂತ ನಮ್ಮ ಆಸ್ಪತ್ರೆಗಳ ಜಾಗಕ್ಕೆ, ಜೇಬಿಗೆ ಹೊಂದುವ ಬಗೆಯವು. ಮಾತಿನ ವಿಷಯದಲ್ಲಂತೂ ಕನ್ನಡದ ಕೆಲಸ ಕನ್ನಡದಲ್ಲೇ ಆಗಬೇಕು. ಲಕ್ವದಿಂದ ಮಾತು ಕಳೆದುಕೊಂಡವರನ್ನು ಪರೀಕ್ಷಿಸುವ ವೆಸ್ಟರ್ನ್ ಅಫೇಸಿಯಾ ಬ್ಯಾಟರಿಯನ್ನು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಕನ್ನಡಕ್ಕೆ ಅಳವಡಿಸಿದೆ. ಇಂಗ್ಲಿಷಿನ ಚಿತ್ರ, ಇಂಗ್ಲಿಷಿನ ಪದ ತೋರಿಸುವ ಆ್ಯಪ್ ಹಿಡಿದು ಹಾವೇರಿಯ ರೈತರಿಗೆ ಮಾತು ಕಲಿಸಲು ಆಗುವುದಿಲ್ಲ. ಯಾವ ಆ್ಯಪ್ ಕನ್ನಡಕ್ಕೆ ಒಗ್ಗುತ್ತದೆ ಎಂದು ಪರೀಕ್ಷಿಸಿ ಹೇಳುವ ಅಧಿಕಾರ ಮೈಸೂರಿನ ಈ ತಜ್ಞರಿಗಿಂತ ಹೆಚ್ಚು ಯಾರಿಗಿದೆ?

ಮನೆಯವರಿಗೇ ಕಲಿಸಿಬಿಟ್ಟರೆ ಸಾಕಲ್ಲ ಎಂಬ ವಾದ ಕೇಳಿಬರುತ್ತದೆ. ಅದನ್ನೂ ನಮ್ಮ ದೇಶದಲ್ಲೇ ಪರೀಕ್ಷಿಸಿ ಆಗಿದೆ. ಲೂಧಿಯಾನದ ಜಯರಾಜ್ ಪಾಂಡ್ಯನ್ ಮುಂತಾದವರು ನಡೆಸಿದ 'ಅಟೆಂಡ್' ಪರೀಕ್ಷೆ 14 ಆಸ್ಪತ್ರೆಗಳ 1,250 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ಮನೆಯವರಿಗೆ ಪುನಶ್ಚೇತನ ಕಲಿಸಿ ನೋಡಿತು. ಆರು ತಿಂಗಳ ನಂತರ ಎರಡೂ ಗುಂಪಿನಲ್ಲಿ ಶೇ 47ರಷ್ಟು ಮಂದಿ ತೀರಿಕೊಂಡಿದ್ದರು ಇಲ್ಲವೇ ಇತರರನ್ನು ಅವಲಂಬಿಸಿದ್ದರು. ಮನೆಯವರ ಪ್ರೀತಿಗೆ ಕೊರತೆ ಇರಲಾರದು. ಆದರೂ ಅದು ತರಬೇತಾದ ಕೈಗಳಿಗೆ ಬದಲಿ ಆಗಲಿಲ್ಲ. ಲಂಡನ್ನಿನ ಕ್ವೀನ್ ಸ್ಕ್ವೇರ್‌ನಲ್ಲಿ ನಿಕ್ ವಾರ್ಡ್ ತಂಡ ಲಕ್ವವಾಗಿ ತಿಂಗಳು, ವರ್ಷಗಳೇ ಕಳೆದ 224 ಮಂದಿಗೆ ಮೂರು ವಾರದಲ್ಲಿ 90 ಗಂಟೆ ಕೈಯ ತರಬೇತಿ ಕೊಟ್ಟಾಗ ಸುಧಾರಣೆ ಕಂಡಿತು, ಆರು ತಿಂಗಳ ನಂತರವೂ ಉಳಿದಿತ್ತು. ಅಲ್ಲಿದ್ದ ಮುಖ್ಯ ಸಂಪತ್ತು ಕಲಿತ ಥೆರಪಿಸ್ಟ್‌ಗಳು ಮತ್ತು ಸಮಯ.

ಕರ್ನಾಟಕಕ್ಕೆ ದಾರಿ ಹೊಸದಾಗಿ ಹುಡುಕಬೇಕಿಲ್ಲ. ನಿಮ್ಹಾನ್ಸ್, ನೀತಿ ಆಯೋಗ ಮತ್ತು ರಾಜ್ಯ ಸರ್ಕಾರ ಸೇರಿ 2022ರಲ್ಲಿ ಆರಂಭಿಸಿದ ಮಿದುಳು ಆರೋಗ್ಯ ಕಾರ್ಯಕ್ರಮ ಜಿಲ್ಲಾ ಆಸ್ಪತ್ರೆಗೆ ನರರೋಗದ ಆರೈಕೆ ತರುವ ಪ್ರಯತ್ನ. ದೂರದ ವೈದ್ಯರಿಗೆ ವಿಡಿಯೋ ಮೂಲಕ ರೋಗಿಗಳ ವಿಚಾರವನ್ನೇ ಮುಂದಿಟ್ಟು ಕಲಿಸುವ 'ಎಕೋ' ಪದ್ಧತಿಯನ್ನು ಮಾನಸಿಕ ಆರೋಗ್ಯಕ್ಕಾಗಿ ನಿಮ್ಹಾನ್ಸ್ ಈಗಾಗಲೇ ನಡೆಸಿದೆ. ಅದನ್ನು ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ 2003ರಲ್ಲಿ ಶುರುಮಾಡಿದವರು ಭಾರತ ಮೂಲದ ವೈದ್ಯ ಸಂಜೀವ್ ಅರೋರಾ. ಅಲ್ಲಿ ಹೆಪಟೈಟಿಸ್ ಸಿ ಚಿಕಿತ್ಸೆ ಪಡೆದ 407 ರೋಗಿಗಳನ್ನು ಹೋಲಿಸಿದಾಗ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಗುಣವಾದವರು ಶೇ 57.5, ಹಳ್ಳಿಗಾಡು ಮತ್ತು ಜೈಲುಗಳಲ್ಲಿ ಎಕೋ ಮೂಲಕ ಕಲಿತ ವೈದ್ಯರ ಕೈಯಲ್ಲಿ ಗುಣವಾದವರು ಶೇ 58.2. ನಿಮ್ಹಾನ್ಸ್‌ನ ಎಕೋ ಜಾಲದಲ್ಲಿ ವಾರಕ್ಕೊಂದು ಮಧ್ಯಾಹ್ನ ನರರೋಗ ಪುನಶ್ಚೇತನಕ್ಕೆ ಮೀಸಲಿಟ್ಟರೆ ರಾಯಚೂರಿನ ಫಿಸಿಯೋ, ಕಾರವಾರದ ನರ್ಸ್, ಚಾಮರಾಜನಗರದ ವೈದ್ಯಾಧಿಕಾರಿ ತಮ್ಮ ರೋಗಿಯನ್ನು ಕನ್ನಡದಲ್ಲೇ ವಿವರಿಸಿ, ಸಲಹೆ ಪಡೆದು, ಮುಂದಿನ ವಾರ ಏನಾಯಿತೆಂದು ಹೇಳಬಹುದು.

ಇದಕ್ಕೆ ಎರಡು ಆದೇಶ ಬೇಕು. ಸರ್ಕಾರಿ ಆಸ್ಪತ್ರೆಗೆ ಪುನಶ್ಚೇತನದ ಯಾವುದೇ ಯಂತ್ರದ ಟೆಂಡರ್ ಕರೆದಾಗ ಬೆಲೆಯ ಒಂದು ಪಾಲನ್ನು ಸಿಬ್ಬಂದಿಯ ತರಬೇತಿಗೆ ತೆಗೆದಿಡಬೇಕು, ಆ ತರಬೇತಿಯನ್ನು ಮಾರಾಟಗಾರರ ಬದಲು ನಿಮ್ಹಾನ್ಸ್ ಅಥವಾ ವಿಶ್ವವಿದ್ಯಾಲಯ ನಡೆಸಬೇಕು. ಎರಡನೆಯದು, ಆ ವಾರದ ಮಧ್ಯಾಹ್ನ ಕೆಲಸದ ಅವಧಿಯ ಒಳಗೇ ಇರಬೇಕು. ಒಪಿಡಿಯ ಸಾಲು ಮುಗಿಸಿ, ಊಟ ಬಿಟ್ಟು, ಮೊಬೈಲಿನಲ್ಲಿ ಕದ್ದು ಕೇಳುವ ಪಾಠ ಯಾರ ತಲೆಗೂ ಹತ್ತುವುದಿಲ್ಲ. ಜಿಲ್ಲಾ ಆಸ್ಪತ್ರೆಯ ಒಬ್ಬರೇ ಫಿಸಿಯೋಥೆರಪಿಸ್ಟ್‌ಗೆ ಅದಕ್ಕೆ ಎರಡು ಗಂಟೆ ಬಿಡುವು ಕೊಟ್ಟು, ಅವರ ಜಾಗಕ್ಕೆ ಇಂಟರ್ನ್‌ಗಳನ್ನು ಹಾಕಿ, ಹಾಜರಿಯನ್ನು ಸೇವಾ ದಾಖಲೆಗೆ ಸೇರಿಸುವ ಸುತ್ತೋಲೆಯೊಂದನ್ನು ಆರೋಗ್ಯ ಇಲಾಖೆ ಈ ವರ್ಷವೇ ಹೊರಡಿಸಬಹುದು.